ರಸ್ತೆ ಪಕ್ಕದ ಕೊಳದಲ್ಲಿ ಟ್ರೌಟ್ ಉಳಿಸಿಕೊಳ್ಳುವುದು ಹೇಗೆ?

ಕಾರು ನಿಲ್ಲಿಸಿ ಐದು ನಿಮಿಷ ನಡೆದರೆ ಸಿಗುವ ಕೊಳಗಳಿರುತ್ತವೆ. ಮಕ್ಕಳನ್ನು ಕರೆದುಕೊಂಡು ಹೋಗಬಹುದು, ವಯಸ್ಸಾದವರೂ ಬರಬಹುದು. ಮೊದಲ ಸಲ ಗಾಳ ಹಿಡಿದವರಿಗೂ ಅಲ್ಲೊಂದು ಟ್ರೌಟ್ ಸಿಕ್ಕಿಬಿಡುತ್ತದೆ. ಇಂಥ ಕೊಳಗಳೆಂದರೆ ನನಗೆ ತುಂಬಾ ಇಷ್ಟ. ಆದರೆ ಮೀನು ಮೊದಲು ಖಾಲಿಯಾಗುವುದೂ ಇಂಥ ಕೊಳಗಳಲ್ಲೇ. ಎರಡು ಗಂಟೆ ಗುಡ್ಡ ಹತ್ತಿ ತಲುಪಬೇಕಾದ ಕೊಳದಲ್ಲಿ ಮೀನು ತನ್ನಷ್ಟಕ್ಕೆ ಉಳಿದುಕೊಳ್ಳುತ್ತದೆ. ದೂರವೇ ಅದಕ್ಕೆ ಬೇಲಿ. ರಸ್ತೆ ಪಕ್ಕದ ಕೊಳಕ್ಕೆ ಆ ಬೇಲಿ ಇಲ್ಲ. ಅದನ್ನು ನಾವೇ ಹಾಕಿಕೊಡಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ಸಣ್ಣ ಕೊಳ, ಅದರಲ್ಲಿ ಹಿಡಿಯುವಷ್ಟು ದೊಡ್ಡದಾದ ಟ್ರೌಟ್ 250 ಇವೆ ಅಂದುಕೊಳ್ಳಿ. ನಿಯಮದ ಪ್ರಕಾರ ಒಬ್ಬರು ದಿನಕ್ಕೆ 5 ಮೀನು ಒಯ್ಯಬಹುದು. ಶನಿವಾರ, ಭಾನುವಾರ ದಿನಕ್ಕೆ ಆರು ಜನ ಬರುತ್ತಾರೆ. ಪಾಪ, ಯಾರೂ ದುರಾಸೆಯವರಲ್ಲ. ಒಬ್ಬೊಬ್ಬರು ಎರಡೇ ಮೀನು ಒಯ್ಯುತ್ತಾರೆ. ದಿನಕ್ಕೆ 12, ವಾರಕ್ಕೆ 24. ಹತ್ತು ವಾರಕ್ಕೆ 240. ಒಬ್ಬರೂ ನಿಯಮ ಮುರಿದಿಲ್ಲ, ಕೊಳ ಮಾತ್ರ ಬರಿದಾಗಿದೆ.

ತಪ್ಪಾಗುತ್ತಿರುವುದು ಇಲ್ಲೇ. ನಾವು ಮನುಷ್ಯರಿಗೆ ಮಿತಿ ಹಾಕುತ್ತೇವೆ, ಕೊಳಕ್ಕೆ ಹಾಕುವುದಿಲ್ಲ. ಸುಲಭವಾಗಿ ತಲುಪುವ ಕೊಳದಲ್ಲಿ ಒಬ್ಬೊಬ್ಬರು ಎಷ್ಟು ಒಯ್ದರು ಅನ್ನುವುದಕ್ಕಿಂತ, ಎಲ್ಲರೂ ಸೇರಿ ಎಷ್ಟು ಒಯ್ದರು ಅನ್ನುವುದೇ ಮುಖ್ಯ. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಕೊಳದ ಮಾಲೀಕರು, ಗಾಳ ಹಾಕುವವರ ಸಂಘ, ಕೊಳದ ಸುತ್ತಮುತ್ತ ಇರುವವರು, ವಾರ ವಾರ ಅಲ್ಲಿಗೆ ಹೋಗುವವರು, ಯಾರು ಬೇಕಾದರೂ ಇದನ್ನು ಶುರು ಮಾಡಬಹುದು. ಸಾರ್ವಜನಿಕ ಕೊಳವಾದರೆ ನಿಯಮ ಮಾಡುವ ಅಧಿಕಾರ ಮೀನುಗಾರಿಕೆ ಇಲಾಖೆಯದು. ಆದರೆ ಅವರ ಮುಂದೆ ಸರಿಯಾದ ಲೆಕ್ಕ ಇಡುವ ಕೆಲಸ ನಮ್ಮದು.

ಹೆಜ್ಜೆ 1: ಮೀನು ಯಾಕೆ ಕಡಿಮೆಯಾಗಿದೆ ಅಂತ ಮೊದಲು ಪತ್ತೆ ಮಾಡಿ

ಮೀನು ಸಿಗುತ್ತಿಲ್ಲ ಅಂದ ತಕ್ಷಣ ಗಾಳ ಹಾಕುವವರ ಮೇಲೆ ತಪ್ಪು ಹೊರಿಸಬೇಡಿ. ಟ್ರೌಟ್ ತಣ್ಣೀರಿನ ಮೀನು. ನೀರು 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದಕ್ಕೆ ಹಿತ. 20 ದಾಟಿದರೆ ಒದ್ದಾಡುತ್ತದೆ. 25ರ ಹತ್ತಿರ ಹೋದರೆ ಜೀವಕ್ಕೇ ಅಪಾಯ. ಜೊತೆಗೆ ನೀರು ಬೆಚ್ಚಗಾದಂತೆ ಅದರಲ್ಲಿ ಕರಗಿರುವ ಆಮ್ಲಜನಕವೂ ಇಳಿಯುತ್ತದೆ. 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 25 ಡಿಗ್ರಿಯ ನೀರು ಹಿಡಿಯುವುದು 8 ಮಿಲಿಗ್ರಾಂ ಆಸುಪಾಸು. ಅದು 5ಕ್ಕಿಂತ ಕೆಳಗಿಳಿದರೆ ಟ್ರೌಟ್‌ಗೆ ಉಸಿರಾಡುವುದೇ ಕಷ್ಟ.

ಹಾಗಾಗಿ ಮೊದಲು ಥರ್ಮಾಮೀಟರ್ ಇಳಿಬಿಡಿ. ದಾರಕ್ಕೆ ಕಟ್ಟಿ, ಮೇಲ್ಮೈಯಿಂದ ತಳದವರೆಗೆ ಮೀಟರಿಗೊಮ್ಮೆ ಅಳೆಯಿರಿ. ಪ್ರತಿ ಆಳದಲ್ಲೂ ಎರಡು ನಿಮಿಷ ಬಿಟ್ಟು, ಬೇಗ ಮೇಲೆಳೆದು ಓದಿ. ಬೇಸಿಗೆಯ ಮಧ್ಯಾಹ್ನ ಎಲ್ಲೂ 20ಕ್ಕಿಂತ ತಣ್ಣಗಿನ ನೀರಿಲ್ಲ ಅಂದರೆ ನಿಮ್ಮ ಕೊಳದ ತೊಂದರೆ ಬೇರೆ. ದಡದ ಮರಗಳನ್ನು ಕಡಿದಿದ್ದಾರಾ? ಒರತೆ ಬತ್ತಿದೆಯಾ? ಹೂಳು ತುಂಬಿದೆಯಾ? ಅದನ್ನು ನೋಡಿ.

ಇನ್ನೊಂದು ಸಾಮಾನ್ಯ ಕಾರಣ, ಹೊರಗಿನ ಮೀನು. ಯಾರೋ ಜೀವಂತ ಸಣ್ಣ ಮೀನುಗಳನ್ನು ಎರೆಯಾಗಿ ಬಕೆಟ್‌ನಲ್ಲಿ ತಂದಿರುತ್ತಾರೆ. ಹೋಗುವಾಗ ಉಳಿದದ್ದನ್ನು ಕೊಳಕ್ಕೇ ಸುರಿಯುತ್ತಾರೆ. ಪಾಪ ಬದುಕಿಕೊಳ್ಳಲಿ ಅನ್ನುವ ಒಳ್ಳೆಯ ಮನಸ್ಸೇ ಇರಬಹುದು. ಆದರೆ ಪರ್ಚ್‌ನಂಥ ಮೀನು ಒಂದು ಸಲ ನೆಲೆಯೂರಿದರೆ ಟ್ರೌಟ್ ಮರಿಗಳ ಆಹಾರವೆಲ್ಲ ಅದರ ಪಾಲು. ಅಮೆರಿಕದ ಮೇನ್ ರಾಜ್ಯ ತನ್ನ ಮೂಲ ಬ್ರೂಕ್ ಟ್ರೌಟ್ ಉಳಿದಿರುವ ಎಷ್ಟೋ ಕೊಳಗಳಲ್ಲಿ ಜೀವಂತ ಮೀನನ್ನು ಎರೆಯಾಗಿ ಬಳಸುವುದನ್ನೇ ಕಾನೂನಿನಿಂದ ನಿಲ್ಲಿಸಿದೆ. ನಿಮ್ಮ ಕೊಳದಲ್ಲಿ ಬೇರೇನೂ ಮಾಡಲಾಗದಿದ್ದರೂ ಈ ಒಂದು ನಿಯಮ ತನ್ನಿ.

ಜಾಸ್ತಿ ಹಿಡಿದಿದ್ದರಿಂದಲೇ ಮೀನು ಕಡಿಮೆಯಾಗಿದ್ದರೆ ಅದರ ಗುರುತು ಬೇರೆ. ಮೊದಲು ದೊಡ್ಡ ಮೀನು ಮಾಯವಾಗುತ್ತವೆ. ಸಿಗುವುದೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ. ಆದರೆ ಸಿಕ್ಕ ಮೀನು ಮೈಕೈ ತುಂಬಿಕೊಂಡು ಗಟ್ಟಿಯಾಗಿರುತ್ತದೆ, ಯಾಕಂದ್ರೆ ತಿನ್ನುವ ಬಾಯಿಗಳು ಕಡಿಮೆ, ಆಹಾರ ಬೇಕಾದಷ್ಟಿದೆ. ಅದರ ಬದಲು ಮೀನು ರಾಶಿ ರಾಶಿ ಸಿಗುತ್ತಿವೆ, ಎಲ್ಲವೂ ಬಡಕಲು, ತಲೆ ದೊಡ್ಡದು ಮೈ ಸಣ್ಣದು ಅಂತಿದ್ದರೆ ಕಥೆಯೇ ತಿರುಗುಮುರುಗು. ಅಲ್ಲಿ ಮೀನು ಮಿತಿಮೀರಿ ತುಂಬಿದೆ. ಅಮೆರಿಕದ ಪಶ್ಚಿಮದ ಬೆಟ್ಟದ ಕೊಳಗಳಲ್ಲಿ, ಹೊರಗಿನಿಂದ ತಂದು ಬಿಟ್ಟ ಬ್ರೂಕ್ ಟ್ರೌಟ್ ಎಷ್ಟೋ ಕಡೆ ಹೀಗೇ ಆಗಿದೆ. ಅಂಥ ಕಡೆ ಜನ ಇನ್ನಷ್ಟು ಒಯ್ದರೇ ಒಳ್ಳೆಯದು. ಈ ವ್ಯತ್ಯಾಸ ಗೊತ್ತಾಗದೆ ನಿಯಮ ಹಾಕಿದರೆ ರೋಗ ಒಂದು, ಮದ್ದು ಇನ್ನೊಂದು ಆಗುತ್ತದೆ.

ಹೆಜ್ಜೆ 2: ಎಷ್ಟಿವೆ, ಎಷ್ಟು ಹೋಗುತ್ತಿವೆ? ಎಣಿಸಿ

"ಮೊನ್ನೆ ಹೋದಾಗ ಚೆನ್ನಾಗೇ ಸಿಕ್ಕವಲ್ಲ" ಅನ್ನುವ ಮಾತನ್ನು ನಂಬಬೇಡಿ. ಟ್ರೌಟ್ ಕೊಳದ ತುಂಬ ಸಮನಾಗಿ ಹರಡಿಕೊಂಡಿರುವುದಿಲ್ಲ. ಸೆಕೆ ಬಂತೆಂದರೆ ತೊರೆ ಬಂದು ಸೇರುವ ಬಾಯಿಯಲ್ಲಿ, ತಳದ ಒರತೆಯ ಸುತ್ತ ಗುಂಪು ಕಟ್ಟುತ್ತವೆ. ಕೊಳದಲ್ಲಿ 250 ಇದ್ದಾಗಲೂ ಆ ಜಾಗದಲ್ಲಿ 30 ಇರುತ್ತವೆ, 60ಕ್ಕೆ ಇಳಿದಾಗಲೂ ಅಲ್ಲಿ 30 ಇರುತ್ತವೆ. ಅಲ್ಲೇ ಗಾಳ ಹಾಕುವವರಿಗೆ ಕೊನೆಯವರೆಗೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಆಮೇಲೆ ಒಂದು ವರ್ಷ ದಿಢೀರನೆ ಏನೂ ಸಿಗುವುದಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಅನ್ನುವ ಹಾಗೆ, ನಿಯಮ ಬರುವುದು ಆಗಲೇ.

ಕೊಳದಲ್ಲಿ ಎಷ್ಟು ಮೀನಿದೆ ಅಂತ ಅಂದಾಜು ಮಾಡಲು ಹಳೆಯದೊಂದು ದಾರಿ ಇದೆ. ಒಂದಷ್ಟು ಮೀನು ಹಿಡಿದು, ಗುರುತು ಹಾಕಿ, ವಾಪಸ್ ಬಿಡುವುದು. ಒಂದೆರಡು ವಾರ ಬಿಟ್ಟು ಮತ್ತೆ ಹಿಡಿದು, ಅದರಲ್ಲಿ ಗುರುತಿರುವವು ಎಷ್ಟು ಅಂತ ನೋಡುವುದು. ಮೊದಲ ಸಲ 60 ಮೀನಿಗೆ ಗುರುತು ಹಾಕಿದ್ದೀರಿ. ಎರಡನೇ ಸಲ 50 ಸಿಕ್ಕವು, ಅದರಲ್ಲಿ ಗುರುತಿದ್ದವು 12. 60ನ್ನು 50ರಿಂದ ಗುಣಿಸಿ 12ರಿಂದ ಭಾಗಿಸಿ. 250 ಬಂತು. ಗುರುತಿಗೆ ಸಾಮಾನ್ಯವಾಗಿ ಬೆನ್ನಿನ ಮೇಲೆ, ಬಾಲಕ್ಕೆ ಸ್ವಲ್ಪ ಮುಂಚೆ ಇರುವ ಪುಟ್ಟ ಕೊಬ್ಬಿನ ರೆಕ್ಕೆಯನ್ನು ಕತ್ತರಿಸುತ್ತಾರೆ. ಇದಕ್ಕೆ ಇಲಾಖೆಯ ಅನುಮತಿ ಬೇಕು, ಕೈ ಪಳಗಿದವರೂ ಬೇಕು. ಎರಡೂ ಸಲ ಗಾಳದಲ್ಲೇ ಹಿಡಿಯಬೇಡಿ. ಒಮ್ಮೆ ಗಾಳಕ್ಕೆ ಸಿಕ್ಕ ಮೀನು ಮತ್ತೆ ಹುಷಾರಾಗಿಬಿಡುತ್ತದೆ. ಆಗ ಗುರುತಿನ ಮೀನು ಕಡಿಮೆ ಸಿಕ್ಕು, ಕೊಳದಲ್ಲಿ ಇಲ್ಲದಷ್ಟು ಮೀನು ಇದೆ ಅಂತ ಲೆಕ್ಕ ತೋರಿಸುತ್ತದೆ. ಒಂದು ಸಲವಾದರೂ ಬಲೆಯಿಂದ ಹಿಡಿಯಿರಿ.

ಹೊರಗೆ ಹೋಗುವ ಮೀನಿನ ಲೆಕ್ಕ ಇನ್ನೂ ಸುಲಭ. ಒಂದು ನೋಟ್‌ಬುಕ್ ಸಾಕು. ವಾರದಲ್ಲಿ ನಾಲ್ಕೈದು ಹೊತ್ತು ಆರಿಸಿಕೊಳ್ಳಿ. ರಜಾ ದಿನವೂ ಇರಲಿ, ಕೆಲಸದ ದಿನವೂ ಇರಲಿ, ಬೆಳಗ್ಗೆಯೂ ಸಂಜೆಯೂ ಇರಲಿ. ಆ ಹೊತ್ತಿಗೆ ಕೊಳದ ಸುತ್ತ ಒಂದು ಸುತ್ತು ಬಂದು ಎಷ್ಟು ಗಾಳ ನೀರಿನಲ್ಲಿವೆ ಎಣಿಸಿ. ಹೊರಡುತ್ತಿರುವವರನ್ನು ವಿಶ್ವಾಸದಿಂದ ಮಾತನಾಡಿಸಿ. ಎಷ್ಟು ಹೊತ್ತು ಕೂತಿದ್ದಿರಿ, ಎಷ್ಟು ಸಿಕ್ಕವು, ಎಷ್ಟು ಒಯ್ಯುತ್ತಿದ್ದೀರಿ, ಉದ್ದ ಎಷ್ಟು? ನಾಲ್ಕೇ ಪ್ರಶ್ನೆ. ಜನ ಖುಷಿಯಿಂದಲೇ ಹೇಳುತ್ತಾರೆ. ಹಿಡಿದ ಮೀನಿನ ಬಗ್ಗೆ ಮಾತಾಡಲು ಯಾರಿಗೆ ಬೇಜಾರು, ಅಲ್ವಾ? ಒಂದು ಋತು ಹೀಗೆ ಬರೆದರೆ ಒಟ್ಟು ಎಷ್ಟು ಮೀನು ಹೊರಗೆ ಹೋಯಿತು ಅಂತ ಒಂದು ಅಂದಾಜು ಸಿಗುತ್ತದೆ.

ಹೆಜ್ಜೆ 3: ಕೊಳಕ್ಕೇ ಒಂದು ಮಿತಿ ಹಾಕಿ

ಈಗ ನಿರ್ಧಾರದ ಹೊತ್ತು. ಇರುವ 250ರಲ್ಲಿ ಎಷ್ಟು ಹೋದರೆ ತಡೆಯುತ್ತದೆ? ಬೆಟ್ಟದ ತಣ್ಣನೆಯ ಕೊಳಗಳಲ್ಲಿ ಆಹಾರ ಕಡಿಮೆ, ಬೆಳವಣಿಗೆ ನಿಧಾನ. ಯಾರೂ ಹಿಡಿಯದಿದ್ದರೂ ಚಳಿಗೆ, ರೋಗಕ್ಕೆ, ಹಕ್ಕಿಗಳ ಬಾಯಿಗೆ ಪ್ರತಿ ವರ್ಷ ಸಾಕಷ್ಟು ಮೀನು ಹೋಗುತ್ತವೆ. ಹಾಗಾಗಿ ಶುರುವಿನಲ್ಲಿ ಐದನೇ ಒಂದು ಪಾಲಿಗಿಂತ ಜಾಸ್ತಿ ಹೋಗಬಾರದು ಅಂತ ನಾನು ಹೇಳುತ್ತೇನೆ. ಇದು ನನ್ನ ಎಚ್ಚರಿಕೆಯ ಅಳತೆ. ನಿಮ್ಮ ಕೊಳದ ಲೆಕ್ಕ ಕೈಗೆ ಬಂದ ಮೇಲೆ ಅದನ್ನು ಏರಿಸಬಹುದು, ಇಳಿಸಬಹುದು. 250ಕ್ಕೆ ಐದನೇ ಒಂದು ಅಂದರೆ 50. ಹಿಡಿದು ವಾಪಸ್ ಬಿಟ್ಟ ಮೇಲೆ ಸಾಯುವ ಮೀನೂ ಈ ಐವತ್ತರೊಳಗೇ ಸೇರಿರಬೇಕು.

ಈ 50ನ್ನು ಹಂಚುವುದು ಹೇಗೆ? ಖಾಸಗಿ ಅಥವಾ ಸಂಘದ ಕೊಳವಾದರೆ ಚೀಟಿ ಪದ್ಧತಿ ಅತ್ಯುತ್ತಮ. ಬಿಟ್ಟ ಮೇಲೆ ಸಾಯುವವಕ್ಕೆ 15 (ಇದರ ಲೆಕ್ಕ ಮುಂದಿನ ಹೆಜ್ಜೆಯಲ್ಲಿದೆ) ಕಳೆದು 35 ಚೀಟಿ ಮಾಡಿ. ಒಂದು ಮೀನಿಗೆ ಒಂದು ಚೀಟಿ. ಚೀಟಿ ಮುಗಿದರೆ ಆ ವರ್ಷ ಒಯ್ಯುವುದು ಮುಗಿಯಿತು, ಗಾಳ ಹಾಕಿ ವಾಪಸ್ ಬಿಡುವುದು ಮಾತ್ರ. ಇನ್ನೊಂದು ದಾರಿ, ದಿನಕ್ಕೆ ಇಷ್ಟೇ ಗಾಳ ಅಂತ ನಿಗದಿ ಮಾಡುವುದು. ಬ್ರಿಟನ್‌ನ ಎಷ್ಟೋ ಸಣ್ಣ ಟ್ರೌಟ್ ಕೊಳಗಳಲ್ಲಿ ದಿನದ ಟಿಕೆಟ್ ಇಷ್ಟೇ ಅಂತ ಇರುತ್ತದೆ. ಒಟ್ಟು ಎಷ್ಟು ಜನ ಅನ್ನುವುದಕ್ಕೆ ನೇರವಾಗಿ ಕಡಿವಾಣ ಹಾಕುವುದು ಇದೊಂದೇ.

ಸಾರ್ವಜನಿಕ ಕೊಳದಲ್ಲಿ ಇಷ್ಟು ಬಿಗಿ ಮಾಡುವುದು ಕಷ್ಟ. ಅಲ್ಲಿ ದಿನದ ಮಿತಿಯನ್ನು 5ರಿಂದ 1ಕ್ಕೆ ಇಳಿಸಲು ಕೇಳಿ. 5ರಿಂದ 3ಕ್ಕೆ ಇಳಿಸಿದರೆ ಹೆಚ್ಚೇನೂ ಆಗುವುದಿಲ್ಲ. ಬಹಳ ಜನ ಮೊದಲೇ ಎರಡಕ್ಕಿಂತ ಜಾಸ್ತಿ ಒಯ್ಯುತ್ತಿರಲಿಲ್ಲವಲ್ಲ. ಕಾಗದದ ಮೇಲೆ ಬಿಗಿಯಾಗಿ ಕಾಣುತ್ತದೆ, ನೀರಿನಲ್ಲಿ ಏನೂ ಬದಲಾಗುವುದಿಲ್ಲ.

ಉದ್ದದ ನಿಯಮದಲ್ಲೂ ಯೋಚನೆ ಬೇಕು. "ಇಷ್ಟಕ್ಕಿಂತ ಸಣ್ಣದನ್ನು ಒಯ್ಯಬೇಡಿ" ಅನ್ನುವುದು ಎಲ್ಲ ಕಡೆ ಇರುವ ನಿಯಮ. ಹೆಣ್ಣು ಮೀನು ಒಮ್ಮೆಯಾದರೂ ಮೊಟ್ಟೆ ಇಟ್ಟ ಮೇಲೆ ಹಿಡಿಯುವಂತೆ ಆ ಅಳತೆ ಇದ್ದರೆ ಒಳ್ಳೆಯದೇ. ಆದರೆ ಇದರಿಂದ ಎಲ್ಲರ ಕಣ್ಣೂ ದೊಡ್ಡ ಮೀನಿನ ಮೇಲೇ ಬೀಳುತ್ತದೆ. ಟ್ರೌಟ್ ಒಂದು ಕಿಲೋ ತೂಕಕ್ಕೆ ಸುಮಾರು 1,500ರಿಂದ 2,000 ಮೊಟ್ಟೆ ಇಡುತ್ತದೆ. 200 ಗ್ರಾಂನ ಮೀನಿನಲ್ಲಿ ಸಿಗುವುದು ಮುನ್ನೂರು ನಾನೂರು ಮಾತ್ರ. ದೊಡ್ಡ ಹೆಣ್ಣೊಂದನ್ನು ಒಯ್ದರೆ ನಾಲ್ಕೈದು ಸಣ್ಣ ತಾಯಂದಿರನ್ನು ಒಯ್ದ ಹಾಗೆ. ಮೀನು ತಾನೇ ಮರಿ ಮಾಡುವ ಕೊಳವಾದರೆ ನಡುವಿನ ಅಳತೆಯದನ್ನು ಒಯ್ಯಲು ಬಿಡಿ, ದೊಡ್ಡದನ್ನು ಉಳಿಸಿ. ಉದಾಹರಣೆಗೆ, 22ರಿಂದ 28 ಸೆಂಟಿಮೀಟರ್ ನಡುವಿನದು ಒಯ್ಯಬಹುದು, ಅದಕ್ಕಿಂತ ಸಣ್ಣದೂ ದೊಡ್ಡದೂ ವಾಪಸ್. ಬ್ರೂಕ್ ಟ್ರೌಟ್ ಇರುವ ಕೊಳದಲ್ಲಿ ಎಲ್ಲ ನಿಯಮವನ್ನೂ ಒಂದು ಸುತ್ತು ಬಿಗಿಯಾಗಿಯೇ ಇಡಿ. ಬ್ರೌನ್ ಟ್ರೌಟ್ ಅನುಮಾನದ ಮೀನು, ಬೇಗ ಸಿಗುವುದಿಲ್ಲ. ಬ್ರೂಕ್ ಟ್ರೌಟ್ ಎದುರಿಗೆ ಬಂದದ್ದಕ್ಕೆಲ್ಲ ಬಾಯಿ ಹಾಕುತ್ತದೆ.

ಹೆಜ್ಜೆ 4: ಗಾಳ ಎಂಥದ್ದು ಅನ್ನುವುದನ್ನು ಮೊದಲು ಸರಿಮಾಡಿ

"ಹಿಡಿದು ಬಿಟ್ಟುಬಿಡಿ" ಅನ್ನುವುದು ಸುಲಭ. ಆದರೆ ಬಿಟ್ಟ ಮೀನೆಲ್ಲ ಬದುಕುತ್ತದಾ? ಅದು ಏನನ್ನು ನುಂಗಿತು ಅನ್ನುವುದರ ಮೇಲಿದೆ. ಫ್ಲೈ, ಅಂದರೆ ಗರಿ ನೂಲಿನಿಂದ ಕಟ್ಟಿದ ಹುಳದಂಥ ನಕಲಿ ಎರೆ, ಅಥವಾ ಸಣ್ಣ ಮೀನಿನಂತೆ ಹೊಳೆಯುವ ನಕಲಿ ಎರೆಯಾದ ಲೋಹದ ಲೂರ್‌ಗೆ ಸಿಕ್ಕ ಟ್ರೌಟ್‌ಗೆ ಕೊಕ್ಕೆ ಸಾಮಾನ್ಯವಾಗಿ ತುಟಿಯ ಅಂಚಿಗೆ ಚುಚ್ಚಿರುತ್ತದೆ. ಬಿಟ್ಟರೆ ಸಾಯುವುದು ನೂರಕ್ಕೆ ಸುಮಾರು ಐದು. ಎರೆಹುಳುವಾದರೆ ಮೀನು ನಿಧಾನಕ್ಕೆ ಒಳಗೆಳೆದುಕೊಂಡು ನುಂಗುತ್ತದೆ. ಕೊಕ್ಕೆ ಗಂಟಲಿಗೋ ಕಿವಿರಿಗೋ ಇಳಿಯುತ್ತದೆ. ಅಲ್ಲಿ ಸಾವು ನೂರಕ್ಕೆ 25ರಿಂದ 30ರವರೆಗೂ ಹೋಗುತ್ತದೆ.

ಇದನ್ನು ನಮ್ಮ ಕೊಳಕ್ಕೆ ತಂದು ನೋಡಿ. ವರ್ಷಕ್ಕೆ 300 ಸಲ ಮೀನು ಹಿಡಿದು ಬಿಟ್ಟರು ಅಂದುಕೊಳ್ಳಿ. ಫ್ಲೈ ಆದರೆ ಸತ್ತವು 15. ಎರೆಹುಳುವಾದರೆ 75ರಿಂದ 90. ನಾವು ಇಟ್ಟುಕೊಂಡ ಮಿತಿಯೇ 50! ಅಂದರೆ ಎರೆಹುಳು ಹಾಕಿ ದಿನವಿಡೀ ಹಿಡಿದು ಬಿಡುತ್ತಾ ಕೂರುವ ಮನುಷ್ಯ, ಎರಡು ಮೀನು ಹಿಡಿದು ಮನೆಗೆ ಹೋಗುವವನಿಗಿಂತ ಹೆಚ್ಚು ಮೀನು ಸಾಯಿಸುತ್ತಿರಬಹುದು. ಅದು ಅವನಿಗೆ ಗೊತ್ತೂ ಆಗುವುದಿಲ್ಲ, ಸತ್ತ ಮೀನು ತಳಕ್ಕೆ ಹೋಗಿರುತ್ತದೆ.

ಆದ್ದರಿಂದ ಬಿಡುವ ನಿಯಮ ಇರುವ ಕೊಳದಲ್ಲಿ ಫ್ಲೈ, ಲೂರ್ ಮಾತ್ರ ಇರಲಿ. ಒಂದೇ ಕೊಕ್ಕೆ ಇರಲಿ, ಮೂರು ಬಾಯಿಯ ಕೊಕ್ಕೆ ಬೇಡ. ಎರೆ ಬೇಕೇ ಬೇಕು ಅನ್ನುವವರಿಗೆ, ಮಕ್ಕಳಿಗೆ, ಬೇರೆ ನಿಯಮ ಮಾಡಿ. ಎರೆಯಲ್ಲಿ ಹಿಡಿದ ಮೊದಲ ಮೀನನ್ನು ಒಯ್ಯಿರಿ, ಅಲ್ಲಿಗೆ ನಿಲ್ಲಿಸಿ. ಅದು ಎಷ್ಟೋ ಪ್ರಾಮಾಣಿಕ.

ಕೊಕ್ಕೆಯ ಒಳಗಿನ ಸಣ್ಣ ಮುಳ್ಳನ್ನು ಮನೆಯಲ್ಲೇ ಚಪ್ಪಟೆ ಮಾಡಬಹುದು. ಚಪ್ಪಟೆ ಮೂತಿಯ ಇಕ್ಕಳ ತೆಗೆದುಕೊಳ್ಳಿ. ಕೊಕ್ಕೆಯ ಚೂಪು ತುದಿಗೆ ತಾಗದ ಹಾಗೆ, ಮುಳ್ಳನ್ನು ಮಾತ್ರ ಇಕ್ಕಳದ ತುದಿಯಲ್ಲಿ ಕಚ್ಚಿಸಿ ಮೆಲ್ಲಗೆ ಒತ್ತಿ. ಒಂದೇ ಏಟಿಗೆ ಗಟ್ಟಿಯಾಗಿ ಒತ್ತಿದರೆ ತುದಿ ಮುರಿಯುತ್ತದೆ. ಆಮೇಲೆ ಹಳೆಯ ಹತ್ತಿ ಬಟ್ಟೆಗೆ ಚುಚ್ಚಿ ಹೊರಗೆಳೆಯಿರಿ. ನೂಲು ಸಿಕ್ಕಿಕೊಳ್ಳದೆ ಜಾರಿ ಬಂದರೆ ಸರಿಯಾಗಿದೆ. ಸಿಕ್ಕಿಕೊಂಡರೆ ಇನ್ನೊಮ್ಮೆ ಒತ್ತಿ. ಮುಳ್ಳು ಇಲ್ಲದಿದ್ದರೆ ಮೀನು ತಪ್ಪಿಸಿಕೊಳ್ಳುತ್ತದೆ ಅನ್ನುವ ಭಯ ಬೇಡ. ದಾರ ಸಡಿಲ ಬಿಡದಿದ್ದರೆ ಸಾಕು. ಇದರ ದೊಡ್ಡ ಲಾಭ ಅಂದರೆ ಕೊಕ್ಕೆ ಕ್ಷಣದಲ್ಲಿ ಹೊರಬರುತ್ತದೆ, ಮೀನನ್ನು ಕೈಯಲ್ಲಿ ಹಿಡಿದುಕೊಂಡು ಒದ್ದಾಡುವುದು ತಪ್ಪುತ್ತದೆ.

ಹೆಜ್ಜೆ 5: ಬಿಡುವುದನ್ನು ಕಲಿಯಿರಿ, ಕಲಿಸಿ

1992ರಲ್ಲಿ ಕೆನಡಾದ ಸಂಶೋಧಕರು ರೇನ್‌ಬೋ ಟ್ರೌಟ್‌ಗಳ ಮೇಲೆ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಗಾಳಕ್ಕೆ ಸಿಕ್ಕ ಮೀನು ಸುಸ್ತಾಗುವ ಹಾಗೇ ಮೀನುಗಳನ್ನು ನೀರಿನಲ್ಲಿ ಓಡಿಸಿ ಸುಸ್ತು ಮಾಡಿದರು. ನೀರಿನಿಂದ ಹೊರಗೆ ತೆಗೆಯದ ಮೀನುಗಳಲ್ಲಿ ನೂರಕ್ಕೆ 88 ಬದುಕಿದವು. ಅರ್ಧ ನಿಮಿಷ ಗಾಳಿಯಲ್ಲಿ ಹಿಡಿದವುಗಳಲ್ಲಿ 62. ಒಂದು ನಿಮಿಷ ಹಿಡಿದವುಗಳಲ್ಲಿ 28. ಅದು ಪ್ರಯೋಗಾಲಯದ ಮಾತು, ಕೊಳದಲ್ಲಿ ಇಷ್ಟೇ ಆಗುತ್ತದೆ ಅಂತಲ್ಲ. ಆದರೂ ಆ ಇಳಿಕೆ ನೋಡಿ. ಒಂದು ಫೋಟೋಕ್ಕೆ ಎಷ್ಟು ಹೊತ್ತು ಬೇಕು? ಮೊಬೈಲ್ ಜೇಬಿನಿಂದ ತೆಗೆದು, ಲಾಕ್ ಬಿಡಿಸಿ, "ಇನ್ನೊಂದು" ಅನ್ನುವಷ್ಟರಲ್ಲಿ ನಿಮಿಷ ಕಳೆದಿರುತ್ತದೆ.

ಈ ಕ್ರಮ ಅಭ್ಯಾಸ ಮಾಡಿಕೊಳ್ಳಿ:

- ದಾರ ತೀರಾ ತೆಳ್ಳಗಿನದು ಬೇಡ. ಗಟ್ಟಿ ದಾರವಿದ್ದರೆ ಮೀನನ್ನು ಬೇಗ ಎಳೆದುಕೊಳ್ಳಬಹುದು. ಆಡಿಸಿದಷ್ಟೂ ಅದು ಸೋಲುತ್ತದೆ.
- ರಬ್ಬರ್ ಕೈಬಲೆ ಬಳಸಿ. ಗಂಟು ಹಾಕಿದ ನೂಲಿನ ಬಲೆ ಮೈ ಉಜ್ಜಿ ಲೋಳೆ ಕಿತ್ತುಬಿಡುತ್ತದೆ.
- ಮೀನು ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ. ಒಣ ಬಂಡೆ, ಹುಲ್ಲು, ಮರಳಿನ ಮೇಲೆ ಹಾಕಲೇಬೇಡಿ.
- ಬಲೆಯನ್ನು ನೀರಿನಲ್ಲೇ ಇಟ್ಟು, ಅಲ್ಲೇ ಕೊಕ್ಕೆ ತೆಗೆಯಿರಿ. ಕಿವಿರಿಗೆ ಬೆರಳು ತಾಗಬಾರದು.
- ಕೊಕ್ಕೆ ಗಂಟಲಿಗೆ ಇಳಿದಿದ್ದರೆ ಕೀಳಲು ಹೋಗಬೇಡಿ. ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಟ್ಟುಬಿಡಿ. ಕಿತ್ತ ಮೀನಿಗಿಂತ ಇದು ಬದುಕುವ ಸಾಧ್ಯತೆ ಬಹಳ ಜಾಸ್ತಿ.

ಲೋಳೆಗೆ ಯಾಕಿಷ್ಟು ಮಾತು ಅಂದರೆ, ಅದೇ ಮೀನಿನ ರಕ್ಷಾಕವಚ. ಒಣ ಕೈಯಲ್ಲಿ ಹಿಡಿದ ಮೀನನ್ನು ಕೆಲ ದಿನ ಬಿಟ್ಟು ನೋಡಿದರೆ, ಕೈ ಗುರುತು ಬಿದ್ದ ಜಾಗದಲ್ಲೇ ಹತ್ತಿಯಂಥ ಬಿಳಿ ಬೂಷ್ಟು ಎದ್ದಿರುತ್ತದೆ. ಐದು ಬೆರಳು ಲೆಕ್ಕ ಹಾಕಬಹುದು. ನೋಡಿದರೆ ಹೊಟ್ಟೆ ಕಿವುಚುತ್ತದೆ.

ಬಿಡುವಾಗ ಎಸೆಯಬೇಡಿ. ಒಂದು ಕೈ ಹೊಟ್ಟೆಯ ಕೆಳಗೆ, ಇನ್ನೊಂದು ಬಾಲದ ಬುಡದಲ್ಲಿ ಸಡಿಲವಾಗಿ ಇಟ್ಟು, ನೆಟ್ಟಗೆ ಹಿಡಿಯಿರಿ. ಹಿಂದೆ ಮುಂದೆ ಅಲ್ಲಾಡಿಸುವುದು ಬೇಡ, ಹಿಂದಕ್ಕೆ ಎಳೆದಾಗ ಕಿವಿರಿಗೆ ನೀರು ತಪ್ಪು ದಿಕ್ಕಿನಿಂದ ನುಗ್ಗುತ್ತದೆ. ಸುಮ್ನೆ ಹಿಡಿದಿರಿ. ಮೊದಲು ಕಿವಿರು ಬೇಗ ಬೇಗ ಬಡಿದುಕೊಳ್ಳುತ್ತದೆ. ಆಮೇಲೆ ನಿಧಾನವಾಗುತ್ತದೆ. ಬಾಲ ನಿಮ್ಮ ಅಂಗೈಯನ್ನು ಒಮ್ಮೆ ಒದೆಯುತ್ತದೆ. ಆಗ ಬಿಡಿ.

ಒಂದೇ ಮೀನು ಎಷ್ಟು ಸಲ ಸಿಗಬಹುದು ಗೊತ್ತಾ? ಅಮೆರಿಕದ ಯೆಲ್ಲೋಸ್ಟೋನ್ ನದಿಯಲ್ಲಿ, ಹಿಡಿದು ಬಿಡುವ ನಿಯಮವಿದ್ದ ಭಾಗದಲ್ಲಿ, ಒಂದು ಕಟ್‌ಥ್ರೋಟ್ ಟ್ರೌಟ್ ಒಂದೇ ಋತುವಿನಲ್ಲಿ ಸರಾಸರಿ 9.7 ಸಲ ಗಾಳಕ್ಕೆ ಸಿಕ್ಕಿತ್ತು ಅಂತ 1986ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಅಷ್ಟಾದರೂ ಆ ತಣ್ಣೀರಿನಲ್ಲಿ ಗಾಳದಿಂದ ಸತ್ತದ್ದು ನೂರಕ್ಕೆ ಸುಮಾರು ಮೂರು ಮಾತ್ರ. ಅದೇ ಪ್ರತಿ ಸಲಕ್ಕೆ ನೂರಕ್ಕೆ ಐದರಂತೆ ಸಾಯುವ ಕಡೆ, ಹತ್ತು ಸಲ ಸಿಕ್ಕುವಷ್ಟರಲ್ಲಿ ನೂರರಲ್ಲಿ 40 ಹೋಗಿರುತ್ತವೆ. ಕೈ ಒದ್ದೆ ಮಾಡಿಕೊಳ್ಳುವ ಸಣ್ಣ ಕೆಲಸಕ್ಕೆ ಇಷ್ಟು ಬೆಲೆ ಇದೆ.

ಹೆಜ್ಜೆ 6: ಕೆಲವು ಹೊತ್ತು, ಕೆಲವು ಜಾಗ ಮೀನಿಗೇ ಬಿಡಿ

ಸೆಕೆಗಾಲದಲ್ಲಿ ನೀರು 20 ಡಿಗ್ರಿ ಮುಟ್ಟಿದರೆ ಗಾಳ ಎತ್ತಿಡಿ. ಆಗ ಬಿಟ್ಟ ಮೀನೂ ಬದುಕುವುದು ಕಷ್ಟ. ತಳದ ತಣ್ಣೀರಿನಲ್ಲಿದ್ದ ಮೀನನ್ನು ಮೇಲಿನ ಬಿಸಿ ನೀರಿನಲ್ಲಿ ಎಳೆದಾಡಿದರೆ ಅದು ಸೋತುಹೋಗುತ್ತದೆ. ಅಮೆರಿಕದ ಮೊಂಟಾನಾದಲ್ಲಿ ನದಿ ನೀರು ಮೂರು ದಿನ ಸತತವಾಗಿ 73 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 23 ಸೆಲ್ಸಿಯಸ್ ಮುಟ್ಟಿದರೆ ಮಧ್ಯಾಹ್ನ 2ರಿಂದ ಮಧ್ಯರಾತ್ರಿವರೆಗೆ ಗಾಳ ಹಾಕುವುದನ್ನು ನಿಲ್ಲಿಸುತ್ತಾರೆ. ಕೊಳಕ್ಕೆ ಬರೀ ಮಧ್ಯಾಹ್ನ ನಿಲ್ಲಿಸಿದರೆ ಸಾಲದು ಅಂತ ನನ್ನ ಅಭಿಪ್ರಾಯ. ನದಿ ರಾತ್ರಿ ಬೇಗ ತಣ್ಣಗಾಗುತ್ತದೆ, ನಿಂತ ನೀರು ಅಷ್ಟು ಬೇಗ ಆಗುವುದಿಲ್ಲ. ಪೂರ್ತಿ ನಿಲ್ಲಿಸಿ.

ತೊರೆ ಸೇರುವ ಬಾಯಿ ಮತ್ತು ಒರತೆಯ ಸುತ್ತ 50 ಮೀಟರ್ ವರ್ಷವಿಡೀ ಮುಚ್ಚಿ. ಮೀನು ಗುಂಪು ಕಟ್ಟುವುದು ಅಲ್ಲೇ ಅಂತ ಆಗಲೇ ಹೇಳಿದೆ. ಮೊಟ್ಟೆ ಇಡುವುದೂ ಅಲ್ಲೇ. ಬ್ರೂಕ್, ಬ್ರೌನ್ ಟ್ರೌಟ್ ಶರತ್ಕಾಲದಲ್ಲಿ, ರೇನ್‌ಬೋ ಸಾಮಾನ್ಯವಾಗಿ ವಸಂತದಲ್ಲಿ ಮೊಟ್ಟೆ ಇಡುತ್ತವೆ. ಹೆಣ್ಣು ಮೀನು ಬಾಲದಿಂದ ಜಲ್ಲಿಕಲ್ಲು ಕೆದರಿ ಗುಳಿ ಮಾಡುತ್ತದೆ. ಸುತ್ತಲಿನ ಪಾಚಿ ಹಿಡಿದ ಕಲ್ಲುಗಳ ನಡುವೆ ತೊಳೆದಿಟ್ಟಂಥ ಬೆಳ್ಳನೆಯ ಜಾಗ ಕಂಡರೆ ಅದೇ ಗೂಡು. ಅದರ ಮೇಲೆ ಕಾಲಿಟ್ಟರೂ ಮೊಟ್ಟೆ ಒಡೆಯುತ್ತದೆ.

ಮಂಜುಗಡ್ಡೆ ಕಟ್ಟುವ ನಾಡಾದರೆ ಇನ್ನೆರಡು ಹೊತ್ತು ಅಪಾಯದ್ದು. ಒಂದು, ಮಂಜು ಕರಗಿದ ಮೊದಲ ವಾರಗಳು. ನೀರೆಲ್ಲ ತಣ್ಣಗಿದ್ದು ಮೀನು ದಡಕ್ಕೇ ಬಂದಿರುತ್ತವೆ. ವರ್ಷದ ಹೆಚ್ಚಿನ ಮೀನು ಹೋಗುವುದು ಆಗ. ಆ ಮೂರು ನಾಲ್ಕು ವಾರ ಹಿಡಿದು ಬಿಡುವುದು ಮಾತ್ರ ಇರಲಿ. ಎರಡು, ಮಂಜಿಗೆ ರಂಧ್ರ ಕೊರೆದು ಹಿಡಿಯುವ ಚಳಿಗಾಲ. ದಡದಿಂದ ಗಾಳ ತಲುಪದ ನಡುನೀರೂ ಆಗ ಕಾಲ್ನಡಿಗೆಗೆ ಸಿಗುತ್ತದೆ, ಮೀನಿಗೆ ಅಡಗಲು ಜಾಗವೇ ಉಳಿಯುವುದಿಲ್ಲ. ಸಣ್ಣ ಟ್ರೌಟ್ ಕೊಳದಲ್ಲಿ ಇದನ್ನು ಪೂರ್ತಿ ನಿಲ್ಲಿಸಬೇಕು.

ಹೆಜ್ಜೆ 7: ದಾರಿಯನ್ನು ಸ್ವಲ್ಪ ಉದ್ದ ಮಾಡಿ

ಇದನ್ನು ಯಾರೂ ಯೋಚಿಸುವುದಿಲ್ಲ, ಆದರೆ ಕೆಲವು ಕಡೆ ಉಳಿದೆಲ್ಲ ನಿಯಮಕ್ಕಿಂತ ಇದೇ ಹೆಚ್ಚು ಕೆಲಸ ಮಾಡುತ್ತದೆ. ಗಾಡಿ ನೀರಿನ ಅಂಚಿನವರೆಗೂ ಬರುತ್ತಿದ್ದರೆ, ನಿಲ್ಲಿಸುವ ಜಾಗವನ್ನು ಅರ್ಧ ಕಿಲೋಮೀಟರ್ ಹಿಂದಕ್ಕೆ ಸರಿಸಿ. ಮಣ್ಣಿನ ದಾರಿಗೆ ನಾಲ್ಕು ದೊಡ್ಡ ಬಂಡೆ ಅಡ್ಡ ಇಟ್ಟರೂ ಆಯಿತು. ದೋಣಿ ಇಳಿಸುವ ಜಾಗ ತೆಗೆಯಿರಿ. ನಡೆಯಲು ಆಗದವರಿಗಾಗಿ ಒಂದು ಗಾಡಿಗೆ ಮಾತ್ರ ಹತ್ತಿರ ಜಾಗ ಬಿಡಿ, ಅವರಿಗೆ ಅನ್ಯಾಯ ಆಗಬಾರದು. ದಡದಿಂದ ಗಾಳ ತಲುಪುವಲ್ಲೇ ಬಿದ್ದ ಮರಗಳನ್ನು ಎತ್ತಿಹಾಕಬೇಡಿ. ಕೊಂಬೆಗಳ ನಡುವೆ ಮೀನಿಗೆ ನೆರಳು ಸಿಗುತ್ತದೆ, ಗಾಳಕ್ಕೆ ಜಾಗ ಸಿಗುವುದಿಲ್ಲ.

ರಸ್ತೆಯ ಇನ್ನೊಂದು ತೊಂದರೆ ಮೋರಿ. ತೊರೆಗೆ ಅಡ್ಡವಾಗಿ ರಸ್ತೆ ಮಾಡುವಾಗ ಪೈಪ್ ಹಾಕಿರುತ್ತಾರೆ. ವರ್ಷಗಳು ಕಳೆದಂತೆ ಪೈಪಿನ ಬಾಯಿಯ ಕೆಳಗಿನ ಮಣ್ಣು ಕೊಚ್ಚಿಹೋಗಿ, ನೀರು ಮೇಲಿನಿಂದ ಧುಮುಕತೊಡಗುತ್ತದೆ. ಮೊಟ್ಟೆ ಇಡಲು ತೊರೆಗೆ ಹತ್ತಬೇಕಾದ ಮೀನು ಅಲ್ಲಿಗೇ ನಿಲ್ಲುತ್ತದೆ. ನಿಂತ ನೀರಿನಲ್ಲಿ ರೇನ್‌ಬೋ ಮೊಟ್ಟೆ ಉಳಿಯುವುದೇ ಅಪರೂಪ, ಅದಕ್ಕೆ ಹರಿಯುವ ನೀರೇ ಬೇಕು. ಹೋಗಿ ಆ ಪೈಪಿನ ಬಾಯಿ ನೋಡಿಬನ್ನಿ. ಅದನ್ನು ಸರಿಪಡಿಸಿದರೆ ವರ್ಷ ವರ್ಷ ಮರಿ ತಂದು ಬಿಡುವ ಖರ್ಚೇ ಉಳಿಯಬಹುದು.

ಹೆಜ್ಜೆ 8: ಮರಿ ಬಿಡುವುದು ಕೊನೆಯ ದಾರಿ

ಮೀನು ಖಾಲಿಯಾಯಿತೇ, ಇನ್ನಷ್ಟು ತಂದು ಬಿಡಿ. ಜನರ ಮೊದಲ ಸಲಹೆ ಇದೇ. ಆದರೆ ಸುದ್ದಿ ಹಬ್ಬಿದರೆ ಹತ್ತು ಜನ ಬರುವಲ್ಲಿ ಮೂವತ್ತು ಜನ ಬರುತ್ತಾರೆ, ಬಿಟ್ಟ ಮೀನು ಒಂದೆರಡು ವಾರದಲ್ಲಿ ಹೋಗುತ್ತದೆ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು. ಮೊದಲು ಮಿತಿ ಬರಲಿ, ಆಮೇಲೆ ಮರಿ.

ಬಿಡಲೇಬೇಕಾದರೆ ದಿನಾಂಕ ಮುಂಚೆ ಹೇಳಬೇಡಿ. ಸಾಗಿಸಿದ ನೀರಿಗೂ ಕೊಳದ ನೀರಿಗೂ 5 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ, ಕೊಳದ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ ಹೊಂದಿಸಿ. ಒಂದೇ ಕಡೆ ಸುರಿಯದೆ ದಡದ ಸುತ್ತ ಹಂಚಿ ಬಿಡಿ. ಕೊಳದಲ್ಲಿ ಅಲ್ಲಿಯದೇ ಮೂಲ ತಳಿ ಇದ್ದರೆ ಹೊರಗಿನದು ಬೇಡವೇ ಬೇಡ. ಹತ್ತಿರದಲ್ಲಿ ಟ್ರೌಟ್ ಮರಿ ಮಾಡದ ಇನ್ನೊಂದು ಕೊಳವಿದ್ದರೆ ಮರಿಯನ್ನು ಅಲ್ಲಿಗೆ ಬಿಡಿ, ಒಯ್ಯುವವರು ಅಲ್ಲಿಂದ ಒಯ್ಯಲಿ. ಈ ಕೊಳದ ಮೇಲಿನ ಹೊರೆ ಇಳಿಯುತ್ತದೆ.

ಹೆಜ್ಜೆ 9: ಜನರನ್ನು ಜೊತೆಗೆ ತನ್ನಿ

ಬೋರ್ಡ್ ಗಾಡಿ ನಿಲ್ಲಿಸುವಲ್ಲೇ ಇರಲಿ, ದಡದಲ್ಲಲ್ಲ. ದಡಕ್ಕೆ ಬಂದವರು ಆಗಲೇ ಎರೆ ಸಿಕ್ಕಿಸಿರುತ್ತಾರೆ. "ನಿಷೇಧಿಸಲಾಗಿದೆ" ಅಂತ ನಾಲ್ಕು ಸಾಲು ಬರೆಯುವ ಬದಲು ಕಾರಣ ಬರೆಯಿರಿ: "ಈ ಕೊಳದಲ್ಲಿ ದೊಡ್ಡ ಟ್ರೌಟ್ ಸುಮಾರು 250 ಇವೆ. ಈ ವರ್ಷ ಇಲ್ಲಿಯವರೆಗೆ 31 ಹೋಗಿವೆ. 35 ಆದ ಮೇಲೆ ಎಲ್ಲವನ್ನೂ ಬಿಡಬೇಕು." ಆ ಅಂಕಿಯನ್ನು ವಾರ ವಾರ ಬದಲಾಯಿಸಿ. ಮೂವತ್ತೊಂದು ಅಂತ ಓದಿದವರ ಕೈ ತಾನಾಗಿಯೇ ತಡೆಯುತ್ತದೆ.

ನಿಯಮ ಮುರಿಯುವವರು ಕಂಡರೆ ಜಗಳಕ್ಕೆ ಇಳಿಯಬೇಡಿ. ಎಷ್ಟೋ ಸಲ ಅವರಿಗೆ ನಿಯಮವೇ ಗೊತ್ತಿರುವುದಿಲ್ಲ, ಮೆಲ್ಲಗೆ ಹೇಳಿದರೆ ಸಾಕು. ಬೇಕೆಂದೇ ಮಾಡುವವರಾದರೆ ಹೊತ್ತು, ಗಾಡಿ ನಂಬರ್, ಏನು ಕಂಡಿರಿ ಅನ್ನುವುದನ್ನು ಬರೆದುಕೊಂಡು ಇಲಾಖೆಗೆ ತಿಳಿಸಿ.

ಫೋಟೋ ಹಂಚುವಾಗ ಕೊಳದ ಹೆಸರು ಹಾಕಬೇಡಿ, ಹಿಂದಿನ ಗುಡ್ಡ ಗುರುತು ಸಿಗದ ಹಾಗೆ ತೆಗೆಯಿರಿ, ಮೊಬೈಲ್‌ನ ಲೊಕೇಶನ್ ಆಫ್ ಮಾಡಿ. ಒಂದು ಒಳ್ಳೆಯ ಫೋಟೋ ಒಂದೇ ವಾರದಲ್ಲಿ ನೂರು ಜನರನ್ನು ಕರೆತರಬಲ್ಲದು.

ಹೆಜ್ಜೆ 10: ಮೂರು ವರ್ಷ ಬರೆಯಿರಿ, ಆಮೇಲೆ ಬದಲಿಸಿ

ಪ್ರತಿ ವರ್ಷ ಅದೇ ತಿಂಗಳು, ಅದೇ ರೀತಿಯಲ್ಲಿ ಮೀನಿನ ಉದ್ದ ಅಳೆದು ಬರೆದಿಡಿ. ಹೊಸ ನಿಯಮಕ್ಕೆ ಒಂದೇ ವರ್ಷದಲ್ಲಿ ಫಲ ಹುಡುಕಬೇಡಿ. ಈ ವರ್ಷ ಉಳಿದ ಹೆಣ್ಣು ಮೀನು ಮೊಟ್ಟೆ ಇಟ್ಟು, ಆ ಮರಿ ಗಾಳಕ್ಕೆ ಸಿಗುವಷ್ಟು ಬೆಳೆಯಲು ಎರಡು ಮೂರು ವರ್ಷ ಬೇಕು. ಮೊದಲು ಕಾಣುವುದು ಸಂಖ್ಯೆಯಲ್ಲ, ಅಳತೆ. ಎರಡನೇ ವರ್ಷಕ್ಕೆ 30 ಸೆಂಟಿಮೀಟರ್ ದಾಟಿದ ಮೀನು ಒಂದೆರಡು ಸಿಗತೊಡಗಿದರೆ ನಿಯಮ ಹಿಡಿಯುತ್ತಿದೆ. ಮೂರನೇ ವರ್ಷ ಅಂಗೈಯಷ್ಟು ಉದ್ದದ ಮರಿಗಳೂ ಕಂಡರೆ ಕೊಳ ತಾನೇ ಮೀನು ಬೆಳೆಸುತ್ತಿದೆ.

ಆಗ ಮತ್ತೊಮ್ಮೆ ಗುರುತು ಹಾಕಿ ಎಣಿಸಿ. 250 ಇದ್ದದ್ದು 350 ಆಗಿದ್ದರೆ ಚೀಟಿಯನ್ನು 35ರಿಂದ 45ಕ್ಕೆ ಏರಿಸಿ, ನೇರ 70ಕ್ಕೆ ಹಾರಬೇಡಿ. ಮೀನು ಜಾಸ್ತಿಯಾಗಿ ಮೈ ಬಡಕಲಾಗುತ್ತಿದ್ದರೆ ಸ್ವಲ್ಪ ಹೆಚ್ಚು ಒಯ್ಯಲು ಬಿಡಬಹುದು. ಮೂರು ವರ್ಷವಾದರೂ ಅಂಗೈಯಷ್ಟಿನ ಮರಿ ಒಂದೂ ಕಾಣದಿದ್ದರೆ ಗಾಳ ಹಾಕುವವರನ್ನು ಬಿಟ್ಟು, ತೊರೆಯ ಜಲ್ಲಿಯನ್ನೂ ಮೋರಿಯ ಬಾಯಿಯನ್ನೂ ಇನ್ನೊಮ್ಮೆ ನೋಡಿಬನ್ನಿ.